ಹಪ್ಪಳಕ್ಕೆ ಯಾವ ರಾಜ್ಯದ ರಜೆ?

ಕೇರಳದ ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿ 2025ರ ಜುಲೈ ಕೊನೆಗೆ ಜನರ ಮುಂದೆ ಒಂದು ಪ್ರಶ್ನೆ ಇಟ್ಟರು. ಶಾಲೆಗಳ ದೊಡ್ಡ ರಜೆಯನ್ನು ಏಪ್ರಿಲ್–ಮೇ ತಿಂಗಳಿಂದ ತೆಗೆದು, ಮಳೆ ಹೊಡೆಯುವ ಜೂನ್–ಜುಲೈಗೆ ಹಾಕಿದರೆ ಹೇಗೆ? ಎಲ್ಲರೂ ಚರ್ಚಿಸಿ ಹೇಳಿ ಎಂದರು. ಹೇಳುವವರೆಲ್ಲ ಹೇಳಿದರು. ಬೆಂಗಳೂರು ಪಕ್ಕದ ಹೆಸರಘಟ್ಟದಲ್ಲಿ ಕೂತಿರುವ ನನ್ನನ್ನು ಯಾರೂ ಕೇಳಲಿಲ್ಲ, ಕೇಳಬೇಕಾದ ಕಾರಣವೂ ಇಲ್ಲ. ಮದುವೆಯಾಗಿ ಕಾಸರಗೋಡಿನಿಂದ ಘಟ್ಟ ಹತ್ತಿದ ಮೇಲೆ ನನ್ನ ಓಟೂ ಈ ಕಡೆಗೆ ಬಂದಾಯಿತು. ಆದರೂ ಒಂದು ಮಾತು ಹೇಳದೆ ಇರಲಾರೆ. ಅವರಿಗೆ ಅದು ಬರೇ ಶಾಲೆಯ ರಜೆ. ನನಗೆ ಅದು ಹಪ್ಪಳದ ಕಾಲ.

ವಿಷಯ ತಣ್ಣಗಾಯಿತು ಎಂದುಕೊಂಡಿದ್ದೆ. ಈ ಏಪ್ರಿಲ್‌ನಲ್ಲಿ ನೀರ್ಚಾಲಿನ ಕಡೆಯಿಂದ ಬಂದ ಅಣ್ಣನ ಮಗಳು ಮತ್ತೆ ಬಿಸಿ ಮಾಡಿದಳು. "ಅತ್ತೆ, ಇನ್ನು ನಮಗೆ ದೊಡ್ಡ ರಜೆ ಮಳೆಗಾಲದಲ್ಲಿ ಕೊಡುವುದಂತೆ. ಶಾಲೆಯಲ್ಲಿ ಹೇಳ್ತಾ ಇದ್ದರು." ಯಾರು ಹೇಳಿದ್ದು, ಯಾವ ವರ್ಷದಿಂದ, ಆದೇಶ ಬಂದಿದೆಯಾ ಎಂದು ಕೇಳಿದರೆ ಅವಳಿಗೆ ಗೊತ್ತಿಲ್ಲ. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳಿಗೆ ಸುದ್ದಿ ಮುಟ್ಟುವ ಕ್ರಮವೇ ಅದು. ಮೊದಲು ಮಲಯಾಳದಲ್ಲಿ ಗಾಳಿಸುದ್ದಿ, ಆಮೇಲೆ ಮಲಯಾಳದಲ್ಲಿ ಆದೇಶ, ಎಲ್ಲ ಜಾರಿಯಾದ ಮೇಲೆ ಕನ್ನಡದಲ್ಲಿ ಮಾಷ್ಟ್ರ ಬಾಯಿಮಾತು. ಕೇರಳದ ಮಲಯಾಳ ಭಾಷಾ ಮಸೂದೆಯ ಬಗ್ಗೆ ದೊಡ್ಡವರು ಪತ್ರ ಬರೆದುಕೊಂಡಿದ್ದಾರೆ. ಬರೆಯಲಿ, ಅದು ಬೇಕಾದ್ದೇ. ನನ್ನ ತಕರಾರು ಸದ್ಯಕ್ಕೆ ಕ್ಯಾಲೆಂಡರಿನದು.

ಗಡಿ ಎಂದ ಕೂಡಲೇ ಬೋರ್ಡು, ಫಾರ್ಮು, ಪಿಎಸ್‌ಸಿ ಪರೀಕ್ಷೆ ಎಂದು ಹೇಳಿ ಹೇಳಿ ನಮಗೇ ಬಾಯಿ ನೊಂದಿದೆ. ಒಬ್ಬಳೇ ಅಜ್ಜಿಯ ಮೊಮ್ಮಕ್ಕಳು ಎರಡು ಸರ್ಕಾರಗಳ ರಜಾಪಟ್ಟಿಯಲ್ಲಿ ಬೆಳೆಯುವ ಕಷ್ಟವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2025ನ್ನೇ ನೋಡಿ. ಆಗಸ್ಟ್ 27ಕ್ಕೆ ಗಣೇಶನ ಹಬ್ಬ. ನಮ್ಮ ಅತ್ತೆಯವರು ಕಡುಬು, ಕರ್ಜಿಕಾಯಿ ಮುಗಿಸಿ ಚಕ್ಕುಲಿ, ಕೋಡುಬಳೆಗೆ ಕೈಹಾಕಿ ಎರಡು ಡಬ್ಬ ತುಂಬಿಸಿದರು. ಆಚೆ ಓಣಂ ಪರೀಕ್ಷೆ ಮುಗಿದು ಹತ್ತು ದಿನದ ರಜೆ ಸಿಕ್ಕಿದ್ದು ಹಬ್ಬ ಕಳೆದ ಮೇಲೆ. ತಿರುವೋಣಂ ಸೆಪ್ಟೆಂಬರ್ 5ಕ್ಕೆ. ಅಣ್ಣನ ಮಕ್ಕಳು ಇಲ್ಲಿ ಬಂದಿಳಿಯುವಾಗ ಡಬ್ಬದ ತಳದಲ್ಲಿ ಚಕ್ಕುಲಿಯ ಚೂರು, ಬಾಗಿಲಲ್ಲಿ ಯೂನಿಫಾರ್ಮ್ ಹಾಕಿ ಶಾಲೆಗೆ ಹೊರಟು ನಿಂತ ನನ್ನ ಮಕ್ಕಳು. ನೆಂಟರ ಮಕ್ಕಳು ಹಗಲಿಡೀ ಟಿವಿ ನೋಡಿದರು, ಸಂಜೆ ನಾಲ್ಕಕ್ಕೆ ಗೇಟಿನ ಹತ್ತಿರ ಹೋಗಿ ಕಾದರು.

ಆಮೇಲೆ ದಸರಾ. ಇಲ್ಲಿ ಸೆಪ್ಟೆಂಬರ್ 20ಕ್ಕೆ ರಜೆ ಶುರು. ಅಕ್ಟೋಬರ್ 7ಕ್ಕೆ ಮುಗಿಯಬೇಕಾದದ್ದನ್ನು, ಸಮೀಕ್ಷೆಗೆ ಮೇಷ್ಟ್ರುಗಳು ಬೇಕೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 18ರವರೆಗೆ ಎಳೆದರು. ಅದರ ಬೆನ್ನಿಗೇ ದೀಪಾವಳಿ. ಯಲಹಂಕದ ಕಚೇರಿಯಲ್ಲಿ ಲೆಕ್ಕ ಬರೆಯುವ ನನ್ನಂಥವಳಿಗೆ ಅಷ್ಟು ದಿನ ಮಕ್ಕಳು ಮನೆಯಲ್ಲಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜಿಮನೆಗೆ ಕಳಿಸಿದೆ. ಅಲ್ಲಿ ನವರಾತ್ರಿಯ ಕೊನೆಗೆ ಪುಸ್ತಕಪೂಜೆಯ ನೆಪದಲ್ಲಿ ಎರಡು ಮೂರು ದಿನ ಬಿಟ್ಟರೆ ಉಳಿದ ದಿನವೆಲ್ಲ ಶಾಲೆ. ಈಗ ಗೇಟಿನ ಹತ್ತಿರ ಕಾಯುವ ಸರದಿ ನನ್ನ ಮಕ್ಕಳದ್ದು. ನನ್ನ ಅಮ್ಮ ಅವರನ್ನು ಸಮಾಧಾನ ಮಾಡಲು, ಉಪ್ಪು ಹಾಕಿ ಬೇಯಿಸಿ ಒಣಗಿಸಿಟ್ಟ ಹಲಸಿನ ಬೇಳೆಯ ಸಾಂತಾಣಿಯನ್ನು ಮಳೆಗಾಲಕ್ಕೆಂದು ಇಟ್ಟಿದ್ದರಲ್ಲಿ ಉಳಿದದ್ದನ್ನೆಲ್ಲ ಜಗಿಯಲು ಕೊಟ್ಟು ಕಳೆದರಂತೆ. ಕ್ರಿಸ್‌ಮಸ್ಸಿಗೆ ಮತ್ತೆ ಅದೇ ಕಥೆ. ಅವರಿಗೆ ಹತ್ತು ದಿನಕ್ಕೂ ಮೇಲೆ, ನಮ್ಮ ಶಾಲೆಗೆ ಒಂದು ದಿನ. ಅಣ್ಣನ ಮಗ ಆ ಸಲ ಅವರೆಕಾಯಿ ಸುಲಿಯಲು ಕಲಿತು, ಹಿತಕಿದ ಬೇಳೆಯ ಸಾರು ಉಂಡು ಹೋದ. ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ, ಸಕ್ಕರೆ ಅಚ್ಚಿಗೆ ಇರಲಿಲ್ಲ.

ಹೀಗೆ ವರ್ಷವಿಡೀ ಕಣ್ಣುಮುಚ್ಚಾಲೆ ಆಡಿದ ಮೇಲೆ ಎರಡು ರಾಜ್ಯಗಳ ರಜೆ ಒಂದರ ಮೇಲೊಂದು ಬೀಳುವುದು ಒಂದೇ ಸಲ. ಕರ್ನಾಟಕದ್ದು ಏಪ್ರಿಲ್ 11ರಿಂದ ಮೇ 28, ಕೇರಳದ್ದು ಏಪ್ರಿಲ್ ಮೇ ಪೂರ್ತಿ. ನಾಲ್ಕು ಮಕ್ಕಳು, ಎಂಟು ಕೈ, ಒಂದು ತಾರಸಿ, ನೆತ್ತಿಯ ಮೇಲೆ ಬಿಸಿಲು. ಹಲಸಿನ ಹಪ್ಪಳಕ್ಕೆ ಇದಕ್ಕಿಂತ ಹೆಚ್ಚೇನೂ ಬೇಡ, ಇದಕ್ಕಿಂತ ಕಡಿಮೆಯಾದರೆ ಆಗುವುದೂ ಇಲ್ಲ.

ಹಲಸು ಬರುವುದು ಊರಿಂದ. ಅಣ್ಣ ಮಕ್ಕಳನ್ನು ಕರೆತರುವಾಗ ಬಲಿತ ಕಾಯಿಗಳನ್ನು ಗೋಣಿಯಲ್ಲಿ ಕಟ್ಟಿ ಕಣ್ಣೂರು–ಬೆಂಗಳೂರು ರೈಲಿನ ಸೀಟಿನಡಿಗೆ ತಳ್ಳುತ್ತಾನೆ. ಕಾಸರಗೋಡಿನಲ್ಲಿ ಸಂಜೆ ಹತ್ತಿದರೆ ಬೆಳಗ್ಗೆ ಯಶವಂತಪುರ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ 57 ಸುರಂಗಗಳನ್ನು ಎಣಿಸುತ್ತೇವೆಂದು ಮಕ್ಕಳು ಪ್ರತಿ ಸಲ ಶಪಥ ಮಾಡಿ ಪ್ರತಿ ಸಲ ಪುತ್ತೂರು ದಾಟುವ ಮೊದಲೇ ನಿದ್ದೆ ಹೋಗುತ್ತಾರೆ. ಹೆಸರಘಟ್ಟದಲ್ಲಿ ಹಲಸಿಗೆ ಬರವೇ ಎಂದು ನೀವು ಕೇಳಬಹುದು. ಇಲ್ಲ. ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ 1968ರಿಂದ ಇಲ್ಲೇ ಉಂಟು. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತ ಪರಮೇಶ ಅವರ ತೋಟದ ಕೆಂಪು ಸೊಳೆಯ 'ಸಿದ್ದು' ಹಲಸನ್ನು ಗುರುತಿಸಿ, ಕಸಿ ಗಿಡ ಊರೂರಿಗೆ ಹೋಗುವಂತೆ ಮಾಡಿದ್ದು ಈ ಸಂಸ್ಥೆ. ಅಂಥ ಹಣ್ಣನ್ನು ಕಾಯಿಯಲ್ಲೇ ಕುಯ್ದು ಹಬೆಗೆ ಇಡುತ್ತೇನೆಂದರೆ ಅಲ್ಲಿನ ವಿಜ್ಞಾನಿಗಳು ನನ್ನ ಮೇಲೆ ಕೇಸು ಹಾಕಿಯಾರು. ದೊಡ್ಡಬಳ್ಳಾಪುರದ ಕಡೆಯ ತೂಬಗೆರೆ ಹಲಸು ತುಂಬ ಒಳ್ಳೆಯದು. ಆದರೆ ಅದು ರಸ್ತೆ ಬದಿಗೆ ರಾಶಿ ಬೀಳುವ ಹೊತ್ತಿಗೆ ಮೋಡವೂ ಬಂದಿರುತ್ತದೆ.

ಇನ್ನು ಕೆಲಸ. ಬೆಳಗಿನ ನಾಲ್ಕೂವರೆಗೆ ಎದ್ದು ಕೈಗೆ, ಕತ್ತಿಗೆ ತೆಂಗಿನೆಣ್ಣೆ ಸವರಿಕೊಂಡು ಕೂರಬೇಕು, ಇಲ್ಲದಿದ್ದರೆ ಮಯಣ ಅಂಟಿ ಆ ದಿನ ಕಚೇರಿಯ ಕೀಬೋರ್ಡಿಗೂ ಪ್ರಸಾದ. ಕಾಯಿ ಸೀಳಿ, ಸೊಳೆ ಬಿಡಿಸಿ, ಬೇಳೆ ತೆಗೆದು, ಅಟ್ಟಿನಳಗೆಯಲ್ಲಿ ಹಬೆಗೆ ಇಡುವುದು. ಸೊಳೆ ಬೆಂದಿದೆಯೋ ಇಲ್ಲವೋ ಎಂದು ನೋಡಲು ಗಡಿಯಾರ ಸಾಲದು, ಮೂಗು ಬೇಕು. ಹಸಿ ವಾಸನೆ ಹೋಗಿರಬೇಕು, ಹಣ್ಣಿನ ಪರಿಮಳ ಬರಬಾರದು. ಬಿಸಿ ಆರುವ ಮೊದಲೇ ರುಬ್ಬಬೇಕು. ನೀರು ತಾಗಿಸುವ ಹಾಗಿಲ್ಲ. ಅಮ್ಮ ಒರಳಿನಲ್ಲಿ ಗುದ್ದುತ್ತಿದ್ದರು, ನಾನು ಗ್ರೈಂಡರಿಗೆ ಹಾಕುತ್ತೇನೆ. ಅದು ಮಧ್ಯೆ ಮಧ್ಯೆ ಮುಷ್ಕರ ಹೂಡುತ್ತದೆ, ಆಗ ನಮ್ಮ ಯಜಮಾನರು ಬಂದು ಕಲ್ಲನ್ನು ಕೈಯಿಂದ ತಳ್ಳಿ ಕೊಡುತ್ತಾರೆ. ಉಪ್ಪು, ಮೆಣಸಿನಪುಡಿ, ಒಂದಿಷ್ಟು ಜೀರಿಗೆ, ಅಷ್ಟೇ. ಎಣ್ಣೆಕೈಯಲ್ಲಿ ಹಿಟ್ಟನ್ನು ಉಂಡೆ ಕಟ್ಟಿ ಮುಚ್ಚಿಟ್ಟು ಎಂಟೂವರೆಯ ಬಸ್ಸಿಗೆ ನಾನು ಓಡಬೇಕು. ಉಂಡೆ ಕಟ್ಟುವಾಗಲೇ ಮಕ್ಕಳು ಎದ್ದು ಬಂದು ಸುತ್ತ ಕೂರುತ್ತಾರೆ. ಹಪ್ಪಳದ ಹಿಟ್ಟಿಗೆ ತೆಂಗಿನೆಣ್ಣೆ ಸುರಿದುಕೊಂಡು ಹಾಗೇ ತಿನ್ನುವುದರ ರುಚಿ ಗೊತ್ತಿಲ್ಲದವರಿಗೆ ಹೇಳಿ ಫಲವಿಲ್ಲ. ಗೊತ್ತಿದ್ದವರಿಗೆ ಹೇಳಿದರೆ ಅವರು ಇಂದೇ ರೈಲು ಹತ್ತಿಯಾರು.

ಒತ್ತುವುದು ಮಕ್ಕಳ ಕೆಲಸ. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆ, ನಡುವೆ ಉಂಡೆ, ಮೇಲೆ ಮಣೆ. ದೊಡ್ಡವಳು ಒತ್ತುತ್ತಾಳೆ, ನನ್ನ ಮಗ ಹಾಳೆ ಬಿಡಿಸುತ್ತಾನೆ, ಚಿಕ್ಕವರಿಬ್ಬರು ಚಾಪೆಗೆ ಸಾಗಿಸುತ್ತಾರೆ. ದಾರಿಯಲ್ಲಿ ಕೆಲವು ಹೊಟ್ಟೆಗೆ ಹೋಗುತ್ತವೆ, ಅದು ಕೂಲಿ. ಕೆಲಸದ ಭಾಷೆ ಅವರದ್ದೇ ಒಂದು. ನನ್ನ ಮಕ್ಕಳದ್ದು "ಏಯ್, ಸರ್ಯಾಗ್ ಪ್ರೆಸ್ ಮಾಡೇ" ಎನ್ನುವ ಬೆಂಗಳೂರು ಕನ್ನಡ. ಅಣ್ಣನ ಮಗಳದ್ದು "ನಿಲ್ಲು ಮಾರಾಯ, ಎಂತ ಅರ್ಜೆಂಟು ನಿನಗೆ" ಎನ್ನುವ ನಮ್ಮೂರ ಕನ್ನಡ. ಜಗಳ ಜೋರಾದರೆ ಅವಳು ಮಲಯಾಳಕ್ಕೆ ಇಳಿಯುತ್ತಾಳೆ, ಇವನು ಇಂಗ್ಲಿಷಿಗೆ. ಆಗ ನಮ್ಮ ಅತ್ತೆಯವರು ಕೆಳಗಿನಿಂದ ಗದರುವುದು ತೆಲುಗಿನಲ್ಲಿ. ಉತ್ತರ ಬೆಂಗಳೂರಿನ ಹಳೆಯ ಮನೆಗಳಲ್ಲಿ ಬೈಗುಳ ಮತ್ತು ಲೆಕ್ಕ ಎರಡೂ ತೆಲುಗಿನಲ್ಲೇ ಇರುವುದನ್ನು ನಾನು ಮದುವೆಯಾಗಿ ಬಂದ ಮೇಲೆ ಕಂಡದ್ದು. ಗಡಿ ಬಿಟ್ಟು ರಾಜಧಾನಿಗೆ ಹೋಗುತ್ತಿದ್ದೇನೆ, ಇನ್ನು ಸುತ್ತ ಕನ್ನಡವೋ ಕನ್ನಡ ಎಂದುಕೊಂಡು ಬಂದವಳಿಗೆ ಅತ್ತೆಯ ಬಾಯಿಂದಲೇ ಮೊದಲ ಪಾಠ. ಆದರೆ ಅವರು ನನ್ನ ಮೇಲೆ ತೆಲುಗನ್ನು ಹೇರಿದವರಲ್ಲ. ತೆಲುಗಿನಲ್ಲಿ ಅರ್ಜಿಯಂತೂ ಕೇಳಿಲ್ಲ.

ಬಿಸಿಲಿಗೆ ಹೆಸರಘಟ್ಟ ಚಿನ್ನದಂಥ ಊರು. ಅರ್ಕಾವತಿಗೆ ಅಡ್ಡ 1894ರಲ್ಲಿ ಕಟ್ಟಿದ ಕೆರೆ ಒಂದು ಕಡೆ, ಹುಲ್ಲುಗಾವಲು ಇನ್ನೊಂದು ಕಡೆ. ನಡುವೆ ಗಾಳಿಗೆ ಅಡ್ಡಿಯೇ ಇಲ್ಲ. ನಮ್ಮ ಕಡೆ ಅಡಿಕೆ ತೋಟದ ನೆರಳಿನಲ್ಲಿ ಮೂರು ದಿನ ಹಿಡಿಯುವುದು ಇಲ್ಲಿ ಎರಡೇ ದಿನದಲ್ಲಿ ಕಟಕಟ ಒಣಗುತ್ತದೆ. ಆದರೆ ಏಪ್ರಿಲ್ ಕೊನೆಯಿಂದ ಸಂಜೆ ಮೂರು ದಾಟಿತೆಂದರೆ ನಂಬುವ ಹಾಗಿಲ್ಲ. ಮಾಗಡಿ ಕಡೆಯಿಂದ ಕಪ್ಪು ಮೋಡ ಎದ್ದರೆ ಕಾಲು ಗಂಟೆಯಲ್ಲಿ ಧೂಳು, ಗುಡುಗು, ಆಲಿಕಲ್ಲು. ಆ ಹೊತ್ತಿಗೆ ನಾನು ಯಲಹಂಕದಲ್ಲಿ ಯಾರದೋ ವೋಚರಿನ ಮೊತ್ತ ಕೂಡಿಸುತ್ತಾ ಕಿಟಕಿ ನೋಡುತ್ತಿರುತ್ತೇನೆ. ಅತ್ತೆಯವರಿಗೆ ಮಂಡಿ ನೋವು, ಮೆಟ್ಟಿಲು ಹತ್ತಲಾರರು.

ಹತ್ತುವುದು ಪಕ್ಕದ ಮನೆಯ ಚೇಚಿ. ತ್ರಿಶೂರು ಕಡೆಯವರು, ಆಸ್ಪತ್ರೆಯಲ್ಲಿ ನರ್ಸು. ನೈಟ್ ಡ್ಯೂಟಿ ಮುಗಿಸಿ ಬೆಳಗ್ಗೆ ಬಂದು ಮಲಗುವವರು. ನಮ್ಮ ತಾರಸಿಯಲ್ಲಿ ನೀರಿನ ಟ್ಯಾಂಕಿನ ನೆರಳು ಬೀಳುತ್ತದೆ ಎಂದು ಅವರಾಗಿಯೇ ತಮ್ಮ ತಾರಸಿಯ ಬೀಗದ ಕೈ ಕೊಟ್ಟರು. ಕಾಗೆ ಬರದ ಹಾಗೆ ಹಳೆಯ ಸೊಳ್ಳೆಪರದೆ ಕೊಟ್ಟರು. ಅಷ್ಟೇ ಆಗಿದ್ದರೆ ಥ್ಯಾಂಕ್ಸ್ ಹೇಳಿ ಸುಮ್ಮನಾಗಬಹುದಿತ್ತು. ಮಧ್ಯಾಹ್ನ ಒಂದಕ್ಕೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು, ನಿದ್ದೆಯಿಂದೆದ್ದು ತಾರಸಿಗೆ ಹೋಗಿ ನನ್ನ ಹಪ್ಪಳಗಳನ್ನು ಮಗುಚಿ ಹಾಕಿ, ಮತ್ತೆ ಬಂದು ಮಲಗುತ್ತಾರೆ. ಇದನ್ನು ಅವರು ಹೇಳಿದ್ದಲ್ಲ. ಮಕ್ಕಳು ಹೇಳಿದ್ದು. ರಾತ್ರಿಯಿಡೀ ರೋಗಿಗಳನ್ನು ಮಗ್ಗುಲು ಬದಲಿಸಿ ಮಲಗಿಸಿ ಬಂದವರು ಹಗಲು ನನ್ನ ಹಪ್ಪಳಗಳನ್ನೂ ನೋಡಿಕೊಳ್ಳುತ್ತಾರೆಂದು ತಿಳಿದಾಗ ಬಾಯಿಂದ ಮಾತು ಹೊರಡಲಿಲ್ಲ. "ನಿಮ್ಮ ಮನೆಯಲ್ಲಿ ಮಾಡಲ್ವಾ ಇದು?" ಎಂದು ಕೇಳಿದರೆ, "ನಮ್ಮದು ಉದ್ದಿನ ಹಪ್ಪಳ. ಅಂಗಡಿಯಿಂದ ತರೋದು. ಹಲಸಿನ ಚಕ್ಕ ನಾವು ಪಾಯಸಕ್ಕೆ, ಚಿಪ್ಸಿಗೆ" ಎಂದರು. ಅವರ ಕನ್ನಡ ಚೆನ್ನಾಗಿದೆ. ಊರಿನ ಕಚೇರಿಗಳಲ್ಲಿ ಭಾಷಾ ಅಲ್ಪಸಂಖ್ಯಾತರ ಪ್ರದೇಶಕ್ಕೆಂದೇ ನೇಮಕವಾಗಿ ಕೂತವರ ಕನ್ನಡಕ್ಕಿಂತ ಎಷ್ಟೋ ಮೇಲು. ನಾಲಗೆ ಹೊರಳದಿದ್ದರೂ ಹೊರಳಿಸಲು ನೋಡುತ್ತಾರಲ್ಲ, ಅದು ಮುಖ್ಯ.

ಇಷ್ಟೆಲ್ಲ ಆದರೂ ಹಲಸಿನ ವಿಷಯ ಬಂದಾಗ ನಾನು ಚೇಚಿಗೆ ಸೋಲುವವಳಲ್ಲ. 2018ರ ಮಾರ್ಚ್ 21ಕ್ಕೆ ಕೇರಳ ಹಲಸನ್ನು ತನ್ನ ರಾಜ್ಯದ ಹಣ್ಣೆಂದು ಘೋಷಿಸಿತು. ಚೇಚಿಗೆ ಅದು ಹೆಮ್ಮೆ. ನನಗೆ ಹೊಟ್ಟೆಯುರಿ. ಹಲಸನ್ನು ಯಾರೂ ಕೇಳದಿದ್ದ ಕಾಲದಿಂದ ಅದರ ಬೆನ್ನು ಹತ್ತಿ ಬರೆದವರು ಶ್ರೀಪಡ್ರೆ. ಅವರ ಊರು ಕಾಸರಗೋಡು ಜಿಲ್ಲೆಯ ವಾಣೀನಗರ, ಬರೆದದ್ದು ಕನ್ನಡದಲ್ಲಿ, ಪುತ್ತೂರಿನಿಂದ ಹೊರಡುವ 'ಅಡಿಕೆ ಪತ್ರಿಕೆ'ಯಲ್ಲಿ. ಮರವೂ ನಮ್ಮ ಹಿತ್ತಲಿನದು, ಬರವಣಿಗೆಯೂ ನಮ್ಮದು, ಪಟ್ಟಾಭಿಷೇಕ ಮಾತ್ರ ತಿರುವನಂತಪುರದಲ್ಲಿ. "ನಿಮ್ಮ ಹಿತ್ತಲೂ ಕೇರಳದಲ್ಲೇ ಅಲ್ವಾ ಇರೋದು?" ಎಂದು ಚೇಚಿ ನಕ್ಕರು. ಈ ಪ್ರಶ್ನೆಗೆ 1956ರ ನವೆಂಬರ್ 1ರಿಂದ ಉತ್ತರ ಹುಡುಕುತ್ತಿದ್ದೇವೆ, ಹಪ್ಪಳ ಮಗುಚುವ ಹೊತ್ತಿನಲ್ಲಿ ಸಿಗುವುದಿಲ್ಲ ಎಂದೆ.

ಒಮ್ಮೆ ಮಾತು ಖಾರವೂ ಆಯಿತು. ಅವರ ಮಗನಿಗೆ ಶಾಲೆಯಲ್ಲಿ ಕನ್ನಡ ಕಡ್ಡಾಯ, ಒತ್ತಕ್ಷರ ಬಂತೆಂದರೆ ಅಳು. ಸಂಜೆ ನನ್ನ ಹತ್ತಿರ ಬಂದು ಕೂರುತ್ತಾನೆ. ಅಣ್ಣನ ಮಗಳಿಗೆ ಅಲ್ಲಿ ಮಲಯಾಳ. ಅವಳ ಪುಸ್ತಕ ಚೇಚಿಯ ಊಟದ ಮೇಜಿನ ಮೇಲೆ. ಹೀಗೆ ಕೊಟ್ಟು ತೆಗೆದುಕೊಳ್ಳುತ್ತಾ ಚೆನ್ನಾಗಿಯೇ ನಡೆದಿತ್ತು. "ಇಲ್ಲಿ ಕನ್ನಡ ಕಲಿಯಬೇಕು ಅಂದರೆ ನಿಮಗೆ ಖುಷಿ, ಅಲ್ಲಿ ಮಲಯಾಳಂ ಕಲಿಯಬೇಕು ಅಂದರೆ ಕೋಪ. ಎರಡೂ ಒಂದೇ ಅಲ್ವಾ?" ಎಂದು ಚೇಚಿ ಕೇಳಿಬಿಟ್ಟರು. ಒಂದೇ ಅಲ್ಲ ಎಂದೆ. ನೀವು ಕೆಲಸ ಹುಡುಕಿ ಈ ಊರಿಗೆ ಬಂದವರು, ನಾವು ಕೂತಲ್ಲೇ ಕೂತಿದ್ದಾಗ ಗೆರೆ ನಮ್ಮನ್ನು ದಾಟಿ ಹೋದದ್ದು. ಬಂದವರು ಕಲಿಯುವುದು ಬೇರೆ, ಇದ್ದವರನ್ನು ಬಂದವರ ಹಾಗೆ ನಡೆಸಿಕೊಳ್ಳುವುದು ಬೇರೆ. ಚೇಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಹುಡುಗಿ ಮಲಯಾಳಂ ತುಂಬ ಚೆಂದ ಬರೀತಾಳೆ, ಗೊತ್ತಾ?" ಎಂದರು. ಗೊತ್ತು. ಅದೇ ನನ್ನ ಸಂಕಟ. ಅವಳು ಎರಡನ್ನೂ ಚೆಂದ ಬರೆಯುತ್ತಾಳೆ, ಒಂದರಲ್ಲಿ ಬರೆದದ್ದಕ್ಕೆ ಮಾತ್ರ ಅಲ್ಲಿ ಬೆಲೆ.

ರಜೆಯ ಪ್ರಶ್ನೆಗೆ ಬರೋಣ. ಸಚಿವರು ಸುಮ್ಮನೆ ಕೇಳಿದ್ದಲ್ಲ, ಅದನ್ನು ಒಪ್ಪಬೇಕು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಕಾಲಿಟ್ಟಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಜೂನ್ ಒಂದಕ್ಕೆ ಶಾಲೆ ತೆರೆಯುವುದು, ಅದೇ ವಾರ ತೋಡು ಉಕ್ಕುವುದು. ರೆಡ್ ಅಲರ್ಟ್ ಬಂದರೆ ಕಲೆಕ್ಟರ್ ರಜೆ ಕೊಡುತ್ತಾರೆ, ಆದರೆ ಆ ಸುದ್ದಿ ಅತ್ತಿಗೆಗೆ ಮುಟ್ಟುವ ಹೊತ್ತಿಗೆ ಬುತ್ತಿ ಕಟ್ಟಿ ಆಗಿರುತ್ತದೆ, ಸಣ್ಣವನಿಗೆ ರೈನ್‌ಕೋಟು ತೊಡಿಸಿ ಆಗಿರುತ್ತದೆ. ಅತ್ತಿಗೆಯ ಪಕ್ಷ ಪೂರ್ತಿ ಸಚಿವರದ್ದು. "ನಿನಗೆಂತ, ಗಟ್ಟಿ ಬಿಸಿಲಿನ ಊರಿನಲ್ಲಿದ್ದೀ. ಎರಡು ತಿಂಗಳು ಒಲೆಯ ಮೇಲೆ ಯೂನಿಫಾರ್ಮ್ ಒಣಗಿಸಿ ನೋಡು. ಹೊಗೆ ವಾಸನೆಯ ಅಂಗಿ ಹಾಕಿ ಹೋದರೆ ಮಕ್ಕಳು ನಗಾಡುತ್ತಾರಂತೆ. ಆ ಎರಡು ತಿಂಗಳು ಮನೆಯಲ್ಲಿರಲಿ, ಏಪ್ರಿಲ್‌ನಲ್ಲಿ ಬೇಕಾದರೆ ಹೋಗಲಿ" ಎನ್ನುತ್ತಾಳೆ. ಹತ್ತು ಗಂಟೆಯ ಮೇಲೆ ಕಾಸರಗೋಡಿನ ಏಪ್ರಿಲ್ ಬಿಸಿಲಿನಲ್ಲಿ ಹೆಂಚಿನ ಕೋಣೆಯಲ್ಲಿ ಕೂರುವವರು ಯಾರು ಎಂದು ನಾನು ಕೇಳಿದೆ. ಹೆಂಚಿನ ಕೋಣೆ ಈಗ ಎಲ್ಲಿದೆ, ಎಲ್ಲ ಹೊಸ ಕಟ್ಟಡ, ಮೇಲೆ ಫ್ಯಾನು, ಕೆಳಗೆ ಟೈಲ್ಸು ಎಂದಳು. ಅದೂ ನಿಜವೇ. ಶಾಲೆಯ ಕಟ್ಟಡದ ವಿಷಯದಲ್ಲಿ ಅವರನ್ನು ಬೈಯುವ ಹಾಗಿಲ್ಲ. ಹೊಸ ಕಟ್ಟಡ ಬರುತ್ತದೆ. ಕನ್ನಡ ಪುಸ್ತಕ ಬರುವುದು ತಡ.

ಹಪ್ಪಳದ ಲೆಕ್ಕವನ್ನು ಅತ್ತಿಗೆಗೆ ಬಿಡಿಸಿ ಹೇಳಿದೆ. ಬಿಸಿಲಿರುವುದು ಏಪ್ರಿಲ್‌ನಲ್ಲಿ. ಕಾಯಿ ಹದಕ್ಕೆ ಬರುವುದೂ ಆಗಲೇ. ರಜೆ ಜೂನ್‌ಗೆ ಹೋದರೆ ಬಿಸಿಲಿದ್ದಾಗ ಕೈಗಳಿಲ್ಲ, ಕೈಗಳಿದ್ದಾಗ ಬಿಸಿಲಿಲ್ಲ. ಕಾಟುಮಾವಿನ ರಸವನ್ನು ಪದರ ಪದರವಾಗಿ ಚಾಪೆಗೆ ಎರೆದು ಮಾಡುವ ಮಾಂಬಳಕ್ಕೂ ಅದೇ ಬಿಸಿಲು ಬೇಕು. ಮಳೆಗಾಲದಲ್ಲಿ ಮಕ್ಕಳು ಮನೆಯಲ್ಲಿ ಕೂತರೆ ತಿನ್ನುವುದು ಏನನ್ನು? ಬೇಸಿಗೆಯಲ್ಲಿ ಅವರೇ ಮಾಡಿಟ್ಟದ್ದನ್ನು. ಮಾಡದಿದ್ದರೆ ಪೇಟೆಯ ಪ್ಯಾಕೆಟ್ಟು. ಅತ್ತಿಗೆ, "ಅದಕ್ಕೆ ಉಪ್ಪುಸೊಳೆ ಉಂಟಲ್ಲ, ರೊಟ್ಟಿ ತಟ್ಟಿ ಕೊಡ್ತೇನೆ" ಎಂದಳು. ಎಲ್ಲದಕ್ಕೂ ಅವಳಲ್ಲಿ ಉತ್ತರ ಉಂಟು. ಆದರೆ ಕೊನೆಯ ಪ್ರಶ್ನೆಗೆ ಅವಳಿಗೂ ಉತ್ತರ ಸಿಗಲಿಲ್ಲ. ಕರ್ನಾಟಕದ ಶಾಲೆ ಮೇ ಕೊನೆಗೆ ತೆರೆಯುತ್ತದೆ. ಅಲ್ಲಿ ಜೂನ್–ಜುಲೈಗೆ ರಜೆಯಾದರೆ ಈ ನಾಲ್ಕು ಮಕ್ಕಳು ಒಟ್ಟಿಗೆ ಇರುವುದು ಯಾವಾಗ? "ಯಾರದ್ದಾದರೂ ಮದುವೆಯಲ್ಲಿ" ಎಂದಳು, ಸ್ವಲ್ಪ ಹೊತ್ತು ಬಿಟ್ಟು.

ಮದುವೆಗೆ ಮಕ್ಕಳು ಬರುತ್ತಾರೆ, ನಿಜ. ಮದುವೆಮನೆಯಲ್ಲಿ ಮೊಬೈಲು ಹಿಡಿದು ಕೂತು, ಊಟ ಮಾಡಿ, ಫೋಟೋಕ್ಕೆ ನಿಂತು ಹೋಗುತ್ತಾರೆ. ಒಟ್ಟಿಗೆ ಒಂದು ಕೆಲಸ ಮಾಡುವುದಿಲ್ಲ. ನನ್ನ ಮಗ "ಎಂತದು ಮಾರಾಯ್ತಿ" ಎನ್ನಲು ಕಲಿತದ್ದು ಹಪ್ಪಳದ ಚಾಪೆಯ ಪಕ್ಕದಲ್ಲಿ. ಅವನ ಶಾಲೆಯಲ್ಲಿ ಆ ಕನ್ನಡ ಕೇಳಿದರೆ ನಗುತ್ತಾರೆ, ಮನೆಯಲ್ಲಿ ನಾನೊಬ್ಬಳೇ ಆಡಿದರೆ ಅದು ಅಮ್ಮನ ಕನ್ನಡ ಎಂದು ಬದಿಗಿಡುತ್ತಾನೆ. ಅಣ್ಣನ ಮಗಳಿಗೆ, ಬೋರ್ಡು, ಬಸ್ಸು, ಅಂಗಡಿ, ಬ್ಯಾಂಕು ಎಲ್ಲ ಕನ್ನಡದಲ್ಲೇ ಇರುವ ಒಂದು ಊರೂ ಇದೆಯೆಂದು ಕಣ್ಣಾರೆ ಕಾಣುವುದು ಇಲ್ಲಿಗೆ ಬಂದಾಗ. ಹೋದ ವರ್ಷ ಹೆಸರಘಟ್ಟದ ಬಸ್ಸಿನಲ್ಲಿ ಕೂತು ಕಿಟಕಿಯಿಂದ ಕಂಡ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾ ಬಂದಳು, ಪಕ್ಕದವರು ತಿರುಗಿ ನೋಡುವಷ್ಟು. ಇಲ್ಲಿಯ ಮಕ್ಕಳು ಬೋರ್ಡು ಓದುವುದೇ ಇಲ್ಲ. ಇದ್ದವರಿಗೆ ಬೆಲೆ ಗೊತ್ತಿಲ್ಲ ಎಂದು ಬೈಯೋಣವೆಂದರೆ ನನ್ನ ಮಗನೇ ಮೊದಲು ಸಿಗುತ್ತಾನೆ.

ಚೇಚಿಗೆ ಇದನ್ನೆಲ್ಲ ಹೇಳಿದಾಗ, "ಹಾಗಾದರೆ ಬರೆಯಿರಿ. ಸಚಿವರು ಅಭಿಪ್ರಾಯ ಕೇಳಿದ್ದರು ತಾನೇ?" ಎಂದರು. ನಾನು ಕನ್ನಡದಲ್ಲಿ ಬರೆಯುತ್ತೇನೆ ಎಂದೆ. ಓದುವವರು ಯಾರು ಎಂದರು. ಓದಿಸಿಕೊಳ್ಳಲಿ ಎಂದೆ. ಕೊನೆಗೆ ರಾಜಿಯಾಯಿತು. ನಾನು ಕನ್ನಡದಲ್ಲಿ, ಚೇಚಿ ಮಲಯಾಳದಲ್ಲಿ, ಎರಡೂ ಒಂದೇ ಲಕೋಟೆಯಲ್ಲಿ. ಯಾವುದು ಮೇಲಿರಬೇಕು ಎಂಬುದಕ್ಕೆ ಮತ್ತೊಂದು ಸುತ್ತಿನ ಚರ್ಚೆ. ಭಾಷಾ ಅಲ್ಪಸಂಖ್ಯಾತಳೆಂಬ ನೆಲೆಯಲ್ಲಿ ಕನ್ನಡ ಮೇಲಕ್ಕೆ ಬಂತು. ಚೇಚಿಯ ಕರಡು ತುಂಬ ಗಂಭೀರ, ಬಿಸಿಲಿನ ತಾಪ, ಮಕ್ಕಳ ಆರೋಗ್ಯ, ನೀರು, ಎಲ್ಲ ನರ್ಸಿನ ಲೆಕ್ಕ. ಹಪ್ಪಳ ಒಂದೇ ಒಂದು ಸಾಲಿನಲ್ಲಿತ್ತು. ನನ್ನದರಲ್ಲಿ ಹಪ್ಪಳ ಮೂರು ಪುಟ. ಎರಡನ್ನೂ ಚೆಂದ ಮಾಡಿ ಪ್ರತಿ ತೆಗೆಯುವ ಕೆಲಸವನ್ನು ಎರಡೂ ಬಲ್ಲ ಒಬ್ಬಳಿಗೇ ಕೊಟ್ಟೆವು. ಓದಿ ನೋಡಿದರೆ ಎರಡರ ಕೊನೆಗೂ ಅವಳದ್ದೇ ಒಂದು ಸಾಲು ಸೇರಿತ್ತು: ಏಪ್ರಿಲ್–ಮೇ ರಜೆ ಹೀಗೇ ಇರಲಿ, ಜೂನ್–ಜುಲೈಯದ್ದೂ ಕೊಡಬೇಕಾಗಿ ವಿನಂತಿ.

ಹೋಗುವ ದಿನ ಹಪ್ಪಳ ಪಾಲು ಮಾಡಿದೆವು. ಚೇಚಿಗೆ ಒಂದು ಡಬ್ಬ, ನಮಗೆ ಒಂದು, ದೊಡ್ಡ ಕಟ್ಟು ನೀರ್ಚಾಲಿಗೆ. ಕಾಯಿ ಘಟ್ಟ ಹತ್ತಿ ಬಂದದ್ದು ಹಪ್ಪಳವಾಗಿ ಘಟ್ಟ ಇಳಿಯಿತು. ಎರಡು ದಿನ ಬಿಟ್ಟು ಅತ್ತಿಗೆ ಫೋನು ಮಾಡಿದಳು. "ಸುಟ್ಟು ನೋಡಿದೆ. ಬಿಸಿಲು ಚೆಂದ ಬಿದ್ದಿದೆ, ಹಗುರ ಬಂದಿದೆ. ಆದರೆ ಇಂಗು ಹಾಕಿದ್ದು ಯಾರು ಮಾರಾಯ್ತಿ? ಹಲಸಿನ ಹಪ್ಪಳಕ್ಕೆ ಯಾರಾದರೂ ಇಂಗು ಹಾಕ್ತಾರಾ?"

ನಾನು ಹಾಕಿರಲಿಲ್ಲ. ಅಡುಗೆಮನೆಯ ಕಡೆ ತಿರುಗಿ ನೋಡಿದೆ. ಅತ್ತೆಯವರು ಅಕ್ಕಿ ಆರಿಸುತ್ತಾ, ತಲೆಯೆತ್ತದೆ, ಫೋನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಬೆಳಗ್ಗೆ ಉಂಡೆ ಮುಚ್ಚಿಟ್ಟು ಬಸ್ಸಿಗೆ ಓಡ್ತೀಯಲ್ಲ, ಆಗ ನಾದಿ ಹಾಕ್ದೆ. ಅಷ್ಟೊಂದು ಹಲಸು ತಿಂದ್ರೆ ಮಕ್ಳಿಗೆ ಹೊಟ್ಟೆ ನೋಯಲ್ವಾ? ಮುಂದಿನ ಸಲ ಓಂಕಾಳೂ ಹಾಕ್ತೀನಂತ ಹೇಳು."